ಉಳುಕಿದ ಪಾದವನ್ನು ಉಜ್ಜಬೇಡಿ

ಕೆಲ ವರ್ಷಗಳ ಹಿಂದೆ ದಶಲಕ್ಷಣ ಪರ್ವ ಮುಗಿಸಿಕೊಂಡು ನಾವು ಸೊಲ್ಲಾಪುರದಿಂದ ಕುಟುಂಬಸಮೇತ ಕುಂಥಲಗಿರಿಗೆ ಹೋಗಿದ್ದೆವು. ಕುಲಭೂಷಣ-ದೇಶಭೂಷಣ ಮುನಿಗಳ ಸಿದ್ಧಕ್ಷೇತ್ರ ಅದು. 1955ರಲ್ಲಿ ಆಚಾರ್ಯ ಶಾಂತಿಸಾಗರ ಮಹಾರಾಜರು ಸಲ್ಲೇಖನದಿಂದ ದೇಹವಿಟ್ಟ ಭೂಮಿ. ದರ್ಶನದಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ. ಸೂರ್ಯ ಮುಳುಗುವುದರೊಳಗೆ ಊಟವಾಗಬೇಕೆಂಬ ಅವಸರದಲ್ಲಿ ಮೆಟ್ಟಿಲಿಳಿಯುವಾಗ ನಮ್ಮ ಶ್ರೀಮತಿಯವರ ಬಲಪಾದ ಒಳಮಗ್ಗುಲಿಗೆ ಹೊರಳಿತು. ಇಬ್ಬರು ಹಿಡಿದು ಇಳಿಸಬೇಕಾಯಿತು.

ಇಂಥ ವೇಳೆಯಲ್ಲಿ ಬಂದವರೆಲ್ಲ ವೈದ್ಯರೇ. ಬಿಸಿ ಎಣ್ಣೆ ಹಚ್ಚಿ ತಿಕ್ಕಿದೆವು. ಊರಿಗೆ ಬಂದ ಮೇಲೆ ಮೂರು ದಿನ ಉಳುಕು ತೆಗೆಯುವವರಿಂದ ಎಳೆಸಿದೆವು. ಪಾದ ಕುಂಬಳಕಾಯಿಯಂತಾಯಿತು. ಹತ್ತನೆಯ ದಿನ ಎಕ್ಸ್‌ರೇ ತೆಗೆಸಿದರೆ ಕಿರುಬೆರಳ ಸಾಲಿನ ಎಲುಬು ಬುಡದಲ್ಲಿ ಬಿರುಕು ಬಿಟ್ಟಿತ್ತು! ತಪ್ಪು ನಮ್ಮದೇ.

ಉಳುಕೆಂದರೆ ಎಲುಬು ಜಾರಿದ್ದಲ್ಲ. ಎಲುಬಿಗೆ ಎಲುಬನ್ನು ಕಟ್ಟಿರುವ ಅಸ್ಥಿರಜ್ಜು ಹಿಗ್ಗಿದ್ದು, ಇಲ್ಲವೆ ಹರಿದದ್ದು. ಪಾದದ ಹೊರಮಗ್ಗುಲಲ್ಲಿ ಇಂಥ ಮೂರು ಕಟ್ಟುಗಳಿವೆ. ಪಾದ ಒಳಕ್ಕೆ ಹೊರಳಿದಾಗ ಮುಂದಿನದೇ ಸಾಮಾನ್ಯವಾಗಿ ಮೊದಲು ಪೆಟ್ಟು ತಿನ್ನುತ್ತದೆ. ಬರೀ ಹಿಗ್ಗಿದ್ದರೆ ಒಂದೆರಡು ವಾರ, ಅರ್ಧ ಹರಿದಿದ್ದರೆ ಹಲವು ವಾರ, ಪೂರ್ತಿ ಹರಿದರೆ ತಿಂಗಳುಗಳೇ ಬೇಕು. ಒಳಗೆ ರಕ್ತ ಜಿನುಗುವಾಗ ಕಾಸಿ ತಿಕ್ಕಿದರೆ ಬಾವು ಏರದೆ ಇನ್ನೇನಾದೀತು?

ಎಕ್ಸ್‌ರೇ ಯಾವಾಗ ಬೇಕು? ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಇದಕ್ಕೊಂದು ಲೆಕ್ಕ ಹಾಕಿಕೊಟ್ಟಿದ್ದಾರೆ. ಪೆಟ್ಟಾದ ಕೂಡಲೇ, ಮತ್ತು ವೈದ್ಯರ ಎದುರಿಗೂ, ನಾಲ್ಕು ಹೆಜ್ಜೆ ಊರಲಾಗದಿದ್ದರೆ ತೆಗೆಸಬೇಕು. ಗಿಣ್ಣಿನ ತುದಿ, ಅದರ ಹಿಂಭಾಗದ ಕೆಳಗಿನ 6 ಸೆಂಟಿಮೀಟರು, ಕಿರುಬೆರಳ ಸಾಲಿನ ಎಲುಬಿನ ಬುಡ, ಪಾದದ ಒಳಗಡೆ ಕಮಾನಿನ ಮೇಲಿನ ಎಲುಬು ಇವನ್ನು ಒತ್ತಿದರೆ ನೋವಾದರೂ ತೆಗೆಸಬೇಕು. ನಮ್ಮವರು ಎರಡು ಹೆಜ್ಜೆಯನ್ನೂ ಊರಿರಲಿಲ್ಲ. ಎಳೆಯ ಮಕ್ಕಳ ಮತ್ತು ವಯಸ್ಸಾದ ತಾಯಂದಿರ ವಿಷಯದಲ್ಲಿ ಈ ಲೆಕ್ಕವನ್ನೂ ನಂಬಿ ಕೂಡದೆ ತೋರಿಸುವುದೇ ಸರಿ.

ಮೊದಲ ಎರಡು ಮೂರು ದಿನ ಪಾದವನ್ನು ಎದೆಗಿಂತ ಎತ್ತರದಲ್ಲಿಡಬೇಕು. ಕ್ರೇಪ್ ಪಟ್ಟಿಯನ್ನು ಬೆರಳ ಕಡೆಯಿಂದ ಮೇಲಕ್ಕೆ ಸುತ್ತಬೇಕು. ಬೆರಳು ನೀಲಿಯಾದರೆ ಬಿಗಿ ಹೆಚ್ಚಾಯಿತೆಂದೇ ಅರ್ಥ. ಬರ್ಫವನ್ನು ಮನೆಯೊಳಗೆ ತಾರದ ಹಿರಿಯರು ನಮ್ಮಲ್ಲಿದ್ದಾರೆ. ಚಿಂತೆಯಿಲ್ಲ, ಸೋಸಿದ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು 15-20 ನಿಮಿಷ ಇಟ್ಟರೂ ನೋವು ತಗ್ಗುತ್ತದೆ. 1978ರಲ್ಲಿ ಬರ್ಫದ ಉಪಚಾರವನ್ನು ಪ್ರಚಾರಕ್ಕೆ ತಂದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ ಮುಂದೆ, ಅದರಿಂದ ವಾಸಿಯಾಗುವುದು ತಡವಾದೀತೆಂದು ಬರೆದರು.

ಗುಳಿಗೆಯ ಮಾತು. ಬಾವಿಳಿಸುವ ಐಬುಪ್ರೊಫೆನ್ ಜಾತಿಯ ಔಷಧ ಉಪವಾಸದ ಹೊಟ್ಟೆಗೆ ಹುಣ್ಣು ತರಬಲ್ಲದು. ವ್ರತವಿದ್ದರೆ, ರಾತ್ರಿ ಏನೂ ಸೇವಿಸದ ನಿಯಮವಿದ್ದರೆ ವೈದ್ಯರ ಮುಂದೆ ಸಂಕೋಚಪಡದೆ ಹೇಳಿ; ಹಗಲಿಗೆ ಹೊಂದುವಂತೆ ಬರೆದುಕೊಡುತ್ತಾರೆ. ಕ್ಯಾಪ್ಸೂಲಿನ ಹೊದಿಕೆ ಬಹುಮಟ್ಟಿಗೆ ಪ್ರಾಣಿಜನ್ಯ ಜೆಲಟಿನ್ನಿನದು, ಗುಳಿಗೆಯನ್ನೇ ಕೇಳಿ.

ಎಲುಬು ಮುರಿಯದಿದ್ದಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬಾರದು. ನೋವು ತಾಳುವಷ್ಟು ಬೇಗ ಪಾದ ಆಡಿಸಬೇಕು. ಆಮೇಲೆ ಗೋಡೆ ಹಿಡಿದು ಒಂಟಿಕಾಲಲ್ಲಿ ನಿಂತು ಅಭ್ಯಾಸ ಮಾಡಬೇಕು. ಇದನ್ನು ಬಿಟ್ಟವರಿಗೇ ಉಳುಕು ಮರಳಿ ಬರುವುದು ಹೆಚ್ಚು. ನಮ್ಮವರಿಗೆ ಬಿರುಕು ಕೂಡಿದ ಮೇಲೆ ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯಲು ಹೇಳಿದ್ದರು. ಅಜ್ಜಿ ಕಾಲಲ್ಲಿ ಅ, ಆ, ಇ, ಈ ಬರೆಯುವುದು, ಮರಾಠಿ ಶಾಲೆಗೆ ಹೋಗುವ ಮೊಮ್ಮಗ ಅದನ್ನು ಕೂಗಿ ಓದುವುದು. ಕನ್ನಡ ಪಾಠವೂ ಆಯಿತೆನ್ನಿ.

ಮರುವರ್ಷ ಮತ್ತೆ ಕುಂಥಲಗಿರಿಗೆ ಹೋದೆವು. ಬೆಳಗಿನಲ್ಲೇ ಹತ್ತಿ, ಬಿಸಿಲೇರುವ ಮೊದಲು ಸಾವಕಾಶ ಇಳಿದೆವು.