ಮುಪ್ಪಿಗೆ ಮಾತೂ ಒಂದು ಪಥ್ಯ

ಊರಿನಿಂದ ವೃದ್ಧ ತಾಯಿತಂದೆಗಳನ್ನು ಕರೆತಂದು ಬಳಿಯಲ್ಲಿ ಇರಿಸಿಕೊಂಡೆವೆಂದರೆ ನಮ್ಮ ಕರ್ತವ್ಯ ಮುಗಿಯಿತೆಂದು ಹೊರನಾಡಿನ ನಾವು ಎಣಿಸುತ್ತೇವೆ. ಹೊತ್ತಿಗೆ ಸರಿಯಾಗಿ ಊಟ, ಔಷಧ, ಕೈಗೊಂದು ಮೊಬೈಲು, ಇನ್ನೇನು ಬೇಕು? ಧಾರವಾಡದಿಂದ ಅವ್ವನನ್ನು ಪುಣೆಗೆ ಕರೆತಂದಾಗ ನಾನೂ ಹಾಗೆಯೇ ತಿಳಿದಿದ್ದೆ. ಮೂರನೆಯ ತಿಂಗಳಿಗೆ ಅವಳಿಗೆ ಊಟ ಸೇರದಾಯಿತು, ನಿದ್ದೆ ಹತ್ತದಾಯಿತು. ರಕ್ತಪರೀಕ್ಷೆಯಲ್ಲಿ ದೋಷವೇನೂ ಕಾಣಲಿಲ್ಲ. "ಏನಾಗೇದವ್ವಾ?" ಎಂದು ಕೇಳಿದೆ. "ಏನೂ ಆಗಿಲ್ಲೋ ತಮ್ಮಾ, ಮುಂಜಾನಿಂದ ಸಂಜೀತನಕ ಬಾಯಿ ಬಿಚ್ಚಿಲ್ಲ ನೋಡು" ಎಂದಳು.

ಇದನ್ನು ಬರಿಯ ಬೇಸರವೆಂದು ತಳ್ಳಿಹಾಕುವಂತಿಲ್ಲ. ಅಮೆರಿಕೆಯ ಕ್ಯಾಲಿಫೋರ್ನಿಯ ಪ್ರಾಂತದ ಅಲಮೀಡ ಜಿಲ್ಲೆಯಲ್ಲಿ ಸುಮಾರು 7,000 ವಯಸ್ಕರನ್ನು 1965ರಿಂದ ಒಂಬತ್ತು ವರ್ಷ ಗಮನಿಸಿದರು. ಬಂಧುಮಿತ್ರರ ಸಂಪರ್ಕ ತೀರ ಕಡಮೆ ಇದ್ದವರಲ್ಲಿ, ಸಂಪರ್ಕ ಹೆಚ್ಚಿದ್ದವರಿಗಿಂತ, ಸಾವಿನ ಪ್ರಮಾಣ ಎರಡು ಪಟ್ಟಿಗೂ ಮಿಗಿಲಾಗಿತ್ತೆಂದು ಬರ್ಕ್‌ಮನ್ ಮತ್ತು ಸೈಮ್ ಎಂಬ ವಿದ್ವಾಂಸರು 1979ರಲ್ಲಿ ಪ್ರಕಟಿಸಿದರು. ಧೂಮಪಾನ, ಮದ್ಯಪಾನ, ಬಡತನಗಳನ್ನು ಲೆಕ್ಕಕ್ಕೆ ಹಿಡಿದರೂ ಈ ಅಂತರ ಅಳಿಯಲಿಲ್ಲ. 2010ರಲ್ಲಿ ಇಂತಹ 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಮೀರಿದ ಜನರ ವಿವರಗಳನ್ನು, ಒಟ್ಟುಗೂಡಿಸಿ ನೋಡಿದಾಗಲೂ, ಒಡನಾಟವುಳ್ಳವರು ಬದುಕಿ ಉಳಿಯುವ ಸಂಭವ ಶೇಕಡಾ 50ರಷ್ಟು ಹೆಚ್ಚೆಂದು ಕಂಡುಬಂದಿತು. ರೋಗಿಯಾದವನೇ ಮನೆ ಹಿಡಿದು ಕೂರುತ್ತಾನಲ್ಲವೇ ಎಂದು ಯಾರಾದರೂ ಕೇಳಬಹುದು. ಅದೂ ನಿಜವೇ; ಆದರೆ ಮೊದಲಿನ ಆರೋಗ್ಯಸ್ಥಿತಿ ಹೇಗೇ ಇದ್ದರೂ ಫಲ ಬಹುಮಟ್ಟಿಗೆ ಒಂದೇ ಆಗಿತ್ತು.

ಕಿವಿಯ ಮಾತನ್ನೂ ಇಲ್ಲಿ ಹೇಳಬೇಕು. ಮರೆವಿನ ರೋಗಕ್ಕೆ ದಾರಿಮಾಡುವ, ಆದರೆ ತಡೆಯಬಹುದಾದ 14 ಕಾರಣಗಳನ್ನು ಲ್ಯಾನ್ಸೆಟ್ ವೈದ್ಯಪತ್ರಿಕೆಯ ಮಂಡಲಿ 2024ರಲ್ಲಿ ಪಟ್ಟಿಮಾಡಿತು. ಒಂಟಿತನವೂ ಕಿವುಡೂ ಎರಡೂ ಅದರಲ್ಲಿವೆ. ಕೇಳಿಸದವರು ನಾಲ್ವರ ನಡುವೆ ಕೂರಲು ನಾಚುತ್ತಾರೆ, ಕ್ರಮೇಣ ಹೋಗುವುದನ್ನೇ ಬಿಡುತ್ತಾರೆ. ಕನ್ನಡಕಕ್ಕೆ ಇಲ್ಲದ ಸಂಕೋಚ ಕಿವಿಯ ಯಂತ್ರಕ್ಕೇಕೋ ತಿಳಿಯದು!

ಪುಣೆಯ ಉದ್ಯಾನಗಳಲ್ಲಿ ಹಿರಿಯರು ಸೇರುವ 'ಕಟ್ಟಾ'ಗಳಿವೆ. ಹೆಸರು ಕೇಳಿದೊಡನೆ ನಮ್ಮ ಅರಳಿಕಟ್ಟೆ ನೆನಪಾಗದಿರದು. ಮರಾಠಿ ಬಾರದೆಂದು ಅವ್ವ ಮೊದಲು ಒಲ್ಲೆನೆಂದಳು. ಸೊಲ್ಲಾಪುರದ ಕಡೆಯ ಒಬ್ಬ ಅಜ್ಜಿ ಅವಳನ್ನು ಕನ್ನಡದಲ್ಲಿಯೇ ಮಾತನಾಡಿಸಿದರು. ಅಲ್ಲಿಂದ ಹಾದಿ ಸುಗಮವಾಯಿತು. (ನಮ್ಮ ಸಂಘಗಳ ಕಾರ್ಯಕ್ರಮಗಳು ರಾತ್ರಿ ಒಂಬತ್ತಕ್ಕೆ ಆರಂಭವಾದರೆ ವೃದ್ಧರು ಬರುವುದಾದರೂ ಹೇಗೆಂದು ಚಾಲಕರು ಯೋಚಿಸಬೇಕು.) ಅವ್ವನ ಮಂಡಿನೋವು ಮಾತ್ರ ಹೋಗಿಲ್ಲ. ಆದರೆ ಸಂಜೆ ಐದಕ್ಕೆ ಕಚೇರಿಯಿಂದ ನಾನು ಫೋನು ಮಾಡಿದರೆ ಯಾರೂ ಎತ್ತುವುದಿಲ್ಲ. ಮೊಬೈಲನ್ನು ಮನೆಯಲ್ಲಿಯೇ ಬಿಟ್ಟು ಹೋಗಿರುತ್ತಾಳೆ.