ಮುತ್ತಜ್ಜನಿಂದಾಚೆ: ಅಗ್ರಹಾರದ ಮನೆತನಗಳ ವಂಶಾವಳಿ ಹುಡುಕುವ ಬಗೆ

ಮೈಸೂರಿನ ಅಗ್ರಹಾರದಲ್ಲಿ ತಲೆತಲಾಂತರದಿಂದ ಬಾಳಿದ ಮನೆತನಗಳ ಮೂಲ ಮೈಸೂರಿನಲ್ಲೇ ಸಿಗುವುದು ಅಪರೂಪ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಗೆದ್ದ ಮೇಲೆ ಸುಮಾರು ಇನ್ನೂರು ವರ್ಷ ರಾಜಧಾನಿ ಅಲ್ಲಿತ್ತು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದು, ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದಾಗ ಮೈಸೂರು ಮತ್ತೆ ರಾಜಧಾನಿಯಾಯಿತು. ವೈದಿಕರು, ವಿದ್ವಾಂಸರು, ಅರಮನೆಯ ನೌಕರರು ಇಲ್ಲಿ ಹೆಚ್ಚಾಗಿ ನೆಲೆಯೂರಿದ್ದು ಆ ಬಳಿಕ. ಹೀಗಾಗಿ 17, 18ನೇ ಶತಮಾನದ ಪೂರ್ವಿಕರನ್ನು ಅರಸುವವರು ರಾಮಾನುಜ ರಸ್ತೆ, ತ್ಯಾಗರಾಜ ರಸ್ತೆಗಳಿಂದ ಹೊರಟು ಹಳ್ಳಿಯ ದಾರಿ ಹಿಡಿಯಬೇಕಾಗುತ್ತದೆ.

ಮನೆಯೊಳಗಿನ ಸುಳಿವು

ಹುಡುಕಾಟ ಮನೆಯಿಂದಲೇ ಶುರುವಾಗಬೇಕು. ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಮಾರಿನ ಹೆಸರು ಹೇಳುತ್ತಾರೆ. ಮದುವೆಯಲ್ಲಿ ವಧೂವರರಿಬ್ಬರ ಪ್ರವರ ಹೇಳುವಾಗಲೂ ಮೂರು ತಲೆಮಾರು ಬರುತ್ತದೆ. ಬಾಯಿಪಾಠದ ನೆನಪು ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ. ಹಳೆಯ ಲಗ್ನಪತ್ರಿಕೆ, ಜಾತಕ, ಕ್ರಯಪತ್ರ, ವಿಭಾಗಪತ್ರಗಳು ಅದನ್ನು ಒಂದೆರಡು ತಲೆಮಾರು ಹಿಂದಕ್ಕೆ ಒಯ್ಯುತ್ತವೆ.

ಗೋತ್ರ ಒಂದೇ ಎಂದಮಾತ್ರಕ್ಕೆ ವಂಶ ಒಂದೇ ಆಗದು. ಭಾರದ್ವಾಜ, ಕಾಶ್ಯಪ ಗೋತ್ರಗಳ ಕುಟುಂಬಗಳು ನಾಡಿನ ತುಂಬ ಇವೆ. ಗೋತ್ರದ ಜೊತೆಗೆ ಸೂತ್ರ, ಒಳಪಂಗಡ, ಮೂಲ ಊರು ಮೂರೂ ತಾಳೆಯಾದಾಗ ಮಾತ್ರ ಜಾಡು ಗಟ್ಟಿಯಾಗುತ್ತದೆ. ಸಂಕೇತಿ ಎಂಬ ಒಳಪಂಗಡದವರ ಮನೆಮಾತು ಇದಕ್ಕೆ ಒಳ್ಳೆಯ ನಿದರ್ಶನ. ತಮಿಳು, ಮಲಯಾಳಗಳ ಚಹರೆ ಉಳಿಸಿಕೊಂಡಿರುವ ಆ ನುಡಿ, ಸೆಂಗೋಟೈ ಕಡೆಯಿಂದ ಬಂದು ಹಾಸನದ ಕೌಶಿಕ, ಪಿರಿಯಾಪಟ್ಟಣದ ಬೆಟ್ಟದಪುರಗಳಲ್ಲಿ ನೆಲೆಸಿದ ಜನರ ವಲಸೆಯನ್ನು ಇಂದಿಗೂ ಸಾರುತ್ತದೆ. ಹೆಸರಿನ ಹಿಂದಿನ ಮೊದಲ ಅಕ್ಷರ ಬಹುಪಾಲು ಊರಿನದು. ಅದನ್ನು ಬಿಡಿಸಿದರೆ ಮುಂದಿನ ದಾರಿ ತೆರೆಯುತ್ತದೆ.

ತಾಮ್ರದಲ್ಲಿ ಉಳಿದ ಹೆಸರು

ಊರು ತಿಳಿದ ಮೇಲೆ ಇನಾಮು ದಾಖಲೆಗಳನ್ನು ನೋಡಬೇಕು. ಮೈಸೂರು ಸಂಸ್ಥಾನದಲ್ಲಿ 1866ರಲ್ಲಿ ಇನಾಂ ಕಮಿಷನ್ ಶುರುವಾಗಿ, ದಾನಭೂಮಿ ಯಾರ ಅನುಭವದಲ್ಲಿದೆ, ಯಾವ ಸನದಿನ ಆಧಾರದ ಮೇಲೆ ಇದೆ ಎಂಬುದನ್ನು ವಿಚಾರಿಸಿತು. 1954, 1955ರ ಇನಾಂ ರದ್ದಿಯಾತಿ ಕಾಯ್ದೆಗಳಿಂದಾಗಿಯೂ ಇಂಥ ಹಕ್ಕುಗಳ ಕಡತಗಳು ಬೆಳೆದವು.

ಅದಕ್ಕಿಂತ ಹಿಂದಿನದಕ್ಕೆ ತಾಮ್ರಶಾಸನಗಳೇ ಆಸರೆ. ಅಗ್ರಹಾರವೆಂದರೆ ವಿದ್ವಾಂಸರಿಗೆ ಬಿಟ್ಟುಕೊಟ್ಟ ದತ್ತಿಯ ಊರು; ಅದರ ಆದಾಯವನ್ನು ವೃತ್ತಿಗಳಾಗಿ ಹಂಚುತ್ತಿದ್ದರು. ವಿಜಯನಗರದ ಕಾಲದ ಮತ್ತು ಒಡೆಯರ ಕಾಲದ ಅನೇಕ ಶಾಸನಗಳಲ್ಲಿ ವೃತ್ತಿವಂತರ ಹೆಸರು, ತಂದೆಯ ಹೆಸರು, ಗೋತ್ರ, ಸೂತ್ರ, ಶಾಖೆ, ಪಾಲು ಎಲ್ಲವೂ ಸಾಲುಸಾಲಾಗಿ ಬರುತ್ತವೆ. ಬಿ.ಎಲ್. ರೈಸ್ 1886ರಿಂದ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿರುವುದರಿಂದ ಊರಿನ ಹೆಸರು ಹಿಡಿದೇ ಹುಡುಕಬಹುದು. ಪರಿಷ್ಕೃತ ಆವೃತ್ತಿಯನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪ್ರಕಟಿಸಿದೆ. 1891ರಲ್ಲಿ ಸ್ಥಾಪನೆಯಾದ ಪ್ರಾಚ್ಯವಿದ್ಯಾ ಸಂಶೋಧನಾಲಯದ ಓಲೆಗರಿಗಳಂಥ ಹಸ್ತಪ್ರತಿಗಳಲ್ಲೂ ಕೆಲವೊಮ್ಮೆ ಲಿಪಿಕಾರ ಕೊನೆಯಲ್ಲಿ ತನ್ನ ಹೆಸರು, ತಂದೆಯ ಹೆಸರು, ಸಂವತ್ಸರ ಬರೆದಿರುತ್ತಾನೆ. ಕಾಶಿ, ಗಯೆಗಳ ಪಂಡಾಗಳ ವಹಿಗಳಲ್ಲಿ ಯಾತ್ರೆಗೆ ಹೋದ ಹಿರಿಯರ ಹೆಸರು ದೊರೆಯಬಹುದು.

ಕಾಲದ ಲೆಕ್ಕ

ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುತ್ತದೆ. ಪತ್ರದಲ್ಲಿ ಬರೀ 'ಪ್ರಭವ' ಎಂದಿದ್ದರೆ ಅದು 1687, 1747, 1807 ಯಾವುದೂ ಆಗಬಹುದು. ಜೊತೆಗೆ ಶಕವರ್ಷ 1669 ಎಂದಿದ್ದರೆ 78 ಕೂಡಿಸಿ 1747 ಎಂದು ನಿರ್ಧರಿಸಬಹುದು. ಶಕವರ್ಷ ಇಲ್ಲದಿದ್ದರೆ ಆಳುವ ಅರಸನ ಹೆಸರು, ಅಕ್ಷರದ ರೂಪ, ತಿಥಿವಾರಗಳು ನೆರವಿಗೆ ಬರುತ್ತವೆ.

ಜರ್ಮನಿಯ ಹೋಲಿಕೆ

ಇದೇ ಕಾಲದ ಜರ್ಮನ್ ಕುಟುಂಬಗಳನ್ನು ಹುಡುಕುವವರಿಗೆ ಚರ್ಚಿನ ದಫ್ತರಗಳಿವೆ. 16ನೇ ಶತಮಾನದಿಂದ ಅವುಗಳಲ್ಲಿ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡುವುದು ರೂಢಿಗೆ ಬಂತು. 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಎಷ್ಟೋ ದಫ್ತರಗಳು ಹಾಳಾದವು. ಕನ್ನಡ ನಿಘಂಟುಕಾರ ಫರ್ಡಿನೆಂಡ್ ಕಿಟ್ಟೆಲ್ 1832ರಲ್ಲಿ ಹುಟ್ಟಿದ ಪೂರ್ವ ಫ್ರೀಸಿಯಾ ಸೀಮೆಯಲ್ಲಿ ನೆಪೋಲಿಯನ್ 1811ರಲ್ಲಿ ಆಜ್ಞೆ ಹೊರಡಿಸುವವರೆಗೆ ಹೆಚ್ಚಿನವರಿಗೆ ಸ್ಥಿರವಾದ ಮನೆತನದ ಹೆಸರೇ ಇರಲಿಲ್ಲ. ಮಗನ ಹೆಸರಿಗೆ ತಂದೆಯ ಹೆಸರು ಸೇರುತ್ತಿತ್ತು. ತಲೆಮಾರಿಗೊಮ್ಮೆ ಹೆಸರು ಬದಲಾಗುವ ತೊಡಕು ಅಲ್ಲಿಗೂ ಇಲ್ಲಿಗೂ ಒಂದೇ.

ಎಡವುವ ಜಾಗಗಳು

ಹಿರಿಯ ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿಂದ ಇಬ್ಬರು ವೆಂಕಟಸುಬ್ಬಯ್ಯಗಳು ಒಬ್ಬರೇ ಎನಿಸಬಹುದು, ಒಂದು ತಲೆಮಾರೇ ಕಳೆದುಹೋಗಬಹುದು. ದತ್ತು ಹೋದವನ ಗೋತ್ರ ಬದಲಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆ ಹೆಣ್ಣುಮಕ್ಕಳದು. ವೃತ್ತಿವಂತರ ಪಟ್ಟಿಯಲ್ಲಿ ಅವರ ಹೆಸರು ವಿರಳ. ಮದುವೆಯಾದ ಮೇಲೆ ಹೆಸರೇ ಬದಲಾದದ್ದೂ ಉಂಟು. ಅವರ ಜಾಡು ತವರಿನ ದಾಖಲೆಗಳಲ್ಲಿ, ಅಜ್ಜಿಯರ ನೆನಪಿನಲ್ಲಿ ಸಿಗಬೇಕು.

ಆದ್ದರಿಂದ ವಂಶವೃಕ್ಷದ ಪ್ರತಿ ಹೆಸರಿನ ಪಕ್ಕದಲ್ಲಿ ಅದರ ಆಧಾರವನ್ನೂ ಬರೆಯಬೇಕು: ಶಾಸನವೋ, ಪತ್ರವೋ, ಯಾರ ಬಾಯಿಮಾತೋ. ಆಧಾರ ಸಿಗದ ಕಡೆ ಜಾಗವನ್ನು ಖಾಲಿ ಬಿಡಬೇಕು. ಮನೆ ಕೆಡವುವಾಗ ಅಟ್ಟದಿಂದ ಇಳಿಯುವ ಪೆಟ್ಟಿಗೆಯ ಕಾಗದಗಳನ್ನು ಓದಿಸದೆ ಎಸೆಯಬಾರದು. ಆ ಖಾಲಿ ಜಾಗದ ಹೆಸರು ಅದರಲ್ಲೇ ಇರಬಹುದು.