ದೇವರ ಹಾಡಿಗೆ ಕರೆಂಟು ಕೊಟ್ಟಾಕೆ

ಮನ್ನಾಏಖೇಳ್ಳಿಯ ಹೆದ್ದಾರಿ ಬದಿಯಲ್ಲಿ ರಾಕ್ ಸಂಗೀತದ ಮಾತು ತೆಗೆದರೆ, ಅದು ಬೆಂಗಳೂರಿನ ಉದ್ದಗೂದಲ ಹುಡುಗರದ್ದು, ನಮಗೇನು ಸಂಬಂಧ ಎಂದು ಯಾರಾದರೂ ಕೇಳಿಯಾರು. ಸಂಬಂಧ ಇದೆ. ಬೀದರ್ ಜಿಲ್ಲೆಯ ಮೆಥೋಡಿಸ್ಟ್ ಚರ್ಚುಗಳಲ್ಲಿ ಢೋಲಕಿನ ಪೆಟ್ಟಿಗೆ ಚಪ್ಪಾಳೆ ಕೂಡಿಸಿ ಹೆಣ್ಣುಮಕ್ಕಳು ಗಂಟಲು ಬಿಚ್ಚಿ ಹಾಡುವುದನ್ನು ಕೇಳಿದವರಿಗೆ, ಹುಮನಾಬಾದ್ ಸೀಮೆಯ ಗುಡಿಗಳಲ್ಲಿ ಬೆಳತನಕ ಭಜನೆಗೆ ಕೂತವರಿಗೆ, ರಾಕ್ ಹುಟ್ಟಿದ ಜಾಗ ಅರ್ಧ ಪರಿಚಯದ್ದೇ.

ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ ಕಾಟನ್ ಪ್ಲಾಂಟ್ ಎಂಬ ಊರಿದೆ. ಹೆಸರಿನ ಅರ್ಥವೇ ಹತ್ತಿಗಿಡ. ಹತ್ತಿ ಬಿಡಿಸಿ ಬದುಕುತ್ತಿದ್ದ ಕಪ್ಪುಜನರ ಮನೆಯೊಂದರಲ್ಲಿ 1915ರಲ್ಲಿ, ಮುಂದೆ ರೊಸೆಟ್ಟಾ ಥಾರ್ಪ್ ಎಂದು ಹೆಸರಾದ ರೊಸೆಟ್ಟಾ ಹುಟ್ಟಿದಳು. ತಾಯಿ ಕೇಟಿ ಬೆಲ್ ಮ್ಯಾಂಡೊಲಿನ್ ನುಡಿಸುತ್ತ ಊರೂರು ತಿರುಗಿ ದೇವರ ಮಾತು ಹೇಳುವಾಕೆ. ಹೆಂಗಸು ಸಭೆಯಲ್ಲಿ ನಿಂತು ದೇವರ ಬಗ್ಗೆ ಮಾತಾಡುವುದು ಕಲ್ಯಾಣದ ನೆರೆಯಲ್ಲಿರುವ ನಮಗೆ ಹೊಸದಲ್ಲ. ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನೇ ತಿದ್ದಿದ ಆಯ್ದಕ್ಕಿ ಲಕ್ಕಮ್ಮನ ನೆಲ ಇದು. ಆ ತಾಯಿಯ ಪಕ್ಕದಲ್ಲಿ ಪುಟ್ಟ ರೊಸೆಟ್ಟಾ ಗಿಟಾರು ಹಿಡಿದು ನಿಂತಳು. ಅವಳ ಶಾಲೆ ಅದೇ.

ಗಿಟಾರಿಗೆ ಒಂದು ಕಷ್ಟವಿತ್ತು. ನೂರಾರು ಜನ ಚಪ್ಪಾಳೆ ತಟ್ಟಿ ಕುಣಿಯುವ ಕಡೆ ಮರದ ಗಿಟಾರಿನ ಸದ್ದು ಮೂರನೆಯ ಸಾಲಿಗೂ ಮುಟ್ಟದು. ಅದಕ್ಕೆ ಪರಿಹಾರ ಎಲೆಕ್ಟ್ರಿಕ್ ಗಿಟಾರು. ಅದರಲ್ಲಿ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತ ಇರುತ್ತದೆ, ಅದಕ್ಕೆ ಸಣ್ಣ ತಾಮ್ರದ ತಂತಿ ಸುತ್ತಿರುತ್ತದೆ. ಮೇಲಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ನವಿರಾದ ವಿದ್ಯುತ್ ಹುಟ್ಟುತ್ತದೆ, ಆಂಪ್ಲಿಫಯರ್ ಅದನ್ನು ಹಿಗ್ಗಿಸುತ್ತದೆ. ಜಾತ್ರೆಯ ಭೋಂಗಾದ ಸೌಂಡು ತೀರಾ ಏರಿಸಿದರೆ ದನಿ ಒಡೆದು ಕೆರಕಲಾಗುವುದಿಲ್ಲವೇ? ಬೇರೆಯವರು ದೋಷವೆಂದು ತಿದ್ದುತ್ತಿದ್ದ ಆ ಒಡಕು ದನಿಯೇ ಮುಂದೆ ರಾಕ್‌ನ ಗುರುತಾಯಿತು. ರೊಸೆಟ್ಟಾ ಥಾರ್ಪ್ ದೇವರ ಹಾಡಿನ ನಡುವೆ ಅದನ್ನು ಧೈರ್ಯವಾಗಿ ಮೊಳಗಿಸಿದಳು.

1938ರಲ್ಲಿ ಆಕೆಯ ಮೊದಲ ರೆಕಾರ್ಡುಗಳು ಬಂದವು. ಅದೇ ಕಾಲಕ್ಕೆ ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲೂ ಹಾಡಿದಳು. ದೇವರ ಪದ ಕುಡಿಯುವ ಜಾಗಕ್ಕೆ ಒಯ್ದಳೆಂದು ಚರ್ಚಿನವರು ಮುನಿಸಿಕೊಂಡರು. 1945ರಲ್ಲಿ ಆಕೆಯ ಒಂದು ಭಕ್ತಿಗೀತೆ ಕಪ್ಪುಜನರ ಸಂಗೀತದ ಪಟ್ಟಿಯಲ್ಲಿ ಎರಡನೆಯ ಸ್ಥಾನ ಮುಟ್ಟಿತು. ರಾಕ್ ಅಂಡ್ ರೋಲ್‌ನ ಆರಂಭ ಅಲ್ಲೇ ಎನ್ನುವ ವಿದ್ವಾಂಸರಿದ್ದಾರೆ. ನನಗೂ ಹಾಗೇ ಅನಿಸುತ್ತದೆ. 1947ರಲ್ಲಿ ಜಾರ್ಜಿಯಾದ ಮೇಕನ್ ಊರಿನಲ್ಲಿ ಹದಿನಾಲ್ಕರ ಹುಡುಗನೊಬ್ಬನನ್ನು ತನ್ನ ವೇದಿಕೆಗೆ ಕರೆದು ಹಾಡಿಸಿದಳು. ಆತನೇ ಮುಂದೆ ರಾಕ್ ತಾರೆಯಾದ ಲಿಟಲ್ ರಿಚರ್ಡ್. ಇಷ್ಟು ಹೆಸರಿದ್ದರೂ ಆಕೆಯ ತಿರುಗಾಟದಲ್ಲಿ ಕಪ್ಪುಜನರಿಗೆ ಕೋಣೆ ಕೊಡದ ಹೋಟೆಲುಗಳೇ ಹೆಚ್ಚು. ರಾತ್ರಿ ಬಸ್ಸಿನಲ್ಲೇ ಮಲಗಬೇಕಿತ್ತು.

ಹಾಡು ಕೈಬದಲಾದ ಕಥೆ ಇನ್ನೊಬ್ಬ ಕಪ್ಪು ಗಾಯಕಿ ಬಿಗ್ ಮಾಮಾ ಥಾರ್ನ್‌ಟನ್‌ಳದ್ದು. 1952ರಲ್ಲಿ ಆಕೆ ಹಾಡಿದ ‘ಹೌಂಡ್ ಡಾಗ್’ ಮರುವರ್ಷ ಏಳು ವಾರ ಕಪ್ಪುಜನರ ಸಂಗೀತದ ಅದೇ ಪಟ್ಟಿಯ ತುದಿಯಲ್ಲಿತ್ತು. 1956ರಲ್ಲಿ ಬಿಳಿಯ ಗಾಯಕ ಎಲ್ವಿಸ್ ಪ್ರೀಸ್ಲಿ ಹಾಡಿದ ಮೇಲೆ ಲೋಕಕ್ಕೆ ಅದು ಅವನ ಹಾಡು. ತನಗೆ ದಕ್ಕಿದ್ದು 500 ಡಾಲರ್ ಎಂದು ಆಕೆ ಹೇಳುತ್ತಿದ್ದಳು. ಆಕೆಯೇ ಕಟ್ಟಿದ ಇನ್ನೊಂದು ಹಾಡನ್ನು 1967ರಲ್ಲಿ ಅಮೆರಿಕದ ಮಾಂಟೆರಿ ಸಂಗೀತ ಉತ್ಸವದಲ್ಲಿ ಹಾಡಿ ಬಿಳಿಯ ಗಾಯಕಿ ಜಾನಿಸ್ ಜಾಪ್ಲಿನ್ ಒಂದೇ ದಿನದಲ್ಲಿ ತಾರೆಯಾದಳು.

ನಮ್ಮ ದೇಶದಲ್ಲಿ ಹುಡುಗಿಯರ ಕೈಗೆ ಈ ವಾದ್ಯ ಸುಲಭವಾಗಿ ಬಂದಿಲ್ಲ. ಕಾಶ್ಮೀರದ ಮೂವರು ಶಾಲಾ ಹುಡುಗಿಯರು ‘ಪ್ರಗಾಶ್’ ಎಂಬ ರಾಕ್ ತಂಡ ಕಟ್ಟಿ 2012ರ ಡಿಸೆಂಬರಿನಲ್ಲಿ ಶ್ರೀನಗರದ ಸ್ಪರ್ಧೆಯಲ್ಲಿ ನುಡಿಸಿದರು. ಬೆದರಿಕೆಗಳು ಬಂದವು, ಧರ್ಮಗುರುವಿನ ಖಂಡನೆಯೂ ಬಂತು. 2013ರ ಫೆಬ್ರವರಿಯಲ್ಲಿ ತಂಡ ಮುಚ್ಚಿತು. ಆ ಹೆಸರಿನ ಅರ್ಥ ಬೆಳಕು. ಇದನ್ನು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ರೊಸೆಟ್ಟಾ 1973ರಲ್ಲಿ ಫಿಲಡೆಲ್ಫಿಯಾದಲ್ಲಿ ತೀರಿಕೊಂಡಳು. ಮೂವತ್ತು ವರ್ಷಕ್ಕೂ ಮೇಲೆ ಆಕೆಯ ಸಮಾಧಿಗೆ ಹೆಸರು ಕೆತ್ತಿದ ಕಲ್ಲಿರಲಿಲ್ಲ. ಅಮೆರಿಕದ ರಾಕ್ ಗೌರವ ಪಟ್ಟಿಗೆ ಆಕೆ ಸೇರಿದ್ದು 2018ರಲ್ಲಿ, ಥಾರ್ನ್‌ಟನ್ ಸೇರಿದ್ದು 2024ರಲ್ಲಿ.

ರೊಸೆಟ್ಟಾಳನ್ನು ಕಣ್ಣಾರೆ ನೋಡುವ ದಾರಿ ಒಂದಿದೆ. 1964ರ ಮೇ ತಿಂಗಳು, ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಪಾಳುಬಿದ್ದ ರೈಲು ನಿಲ್ದಾಣ. ಟೀವಿಯವರು ಚಿತ್ರಿಸಿದ ಆ ಕಾರ್ಯಕ್ರಮ ಇವತ್ತು ಮೊಬೈಲಿನಲ್ಲೇ ಸಿಗುತ್ತದೆ. ಹಳಿಗಳ ಆಚೆ ಪ್ಲಾಟ್‌ಫಾರಂ ತುಂಬ ಬಿಳಿಯ ಹುಡುಗ ಹುಡುಗಿಯರು. ಮಳೆ ಬಿದ್ದು ನೆಲವೆಲ್ಲ ಒದ್ದೆ. ಕುದುರೆಗಾಡಿಯಿಂದ ಉದ್ದ ಕೋಟು ತೊಟ್ಟ ನಲವತ್ತೊಂಬತ್ತರ ಹೆಂಗಸು ಇಳಿಯುತ್ತಾಳೆ. ಬಿಳಿ ಗಿಟಾರನ್ನು ಹೆಗಲಿಗೆ ಹಾಕಿಕೊಂಡು, ಆ ಮಳೆಗೆ ತಕ್ಕಂತೆ, ಬೈಬಲಿನ ನೋಹನ ಕಾಲದ ಮಹಾಮಳೆಯ ಹಾಡನ್ನೇ ಎತ್ತಿಕೊಳ್ಳುತ್ತಾಳೆ.